ನೂರೈವತ್ತರ ಬಡಾಯಿ

ಕಾರಿನ ಟೈರಿಗೂ ಅದರ ಹಿಂದೆ ಎಳೆದೊಯ್ಯುವ ಟ್ರೈಲರ್‌ನ ಟೈರಿಗೂ ಸ್ವಭಾವದಲ್ಲೇ ವ್ಯತ್ಯಾಸವಿದೆ. ಕಾರಿನದು ಬಾಯಿಬಡುಕ. ಗಾಳಿ ಸ್ವಲ್ಪ ಇಳಿದರೂ ಸ್ಟಿಯರಿಂಗನ್ನು ಒಂದು ಕಡೆಗೆ ಎಳೆಯುತ್ತದೆ. ಹೊಸ ಕಾರಾದರೆ ಹಳದಿ ದೀಪ ಹಚ್ಚಿ, ಅದು ಸಾಲದೆಂದು ಪೀಂ ಎಂದು ಕೂಗಿ, ಒಳಗೆ ಕುಳಿತವರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಟ್ರೈಲರ್‌ನ ಟೈರು ಮಹಾಮೌನಿ. ಹಿಂದೆಲ್ಲೋ ಕಣ್ಣಿಗೆ ಬೀಳದ ಜಾಗದಲ್ಲಿ ಪಕ್ಕೆ ಉಬ್ಬಿಸಿಕೊಂಡು, ಸುತ್ತು ಸುತ್ತಿಗೂ ಮಡಿಸಿಕೊಂಡು, ಒಳಗೊಳಗೇ ಕುದಿಯುತ್ತಾ ಬರುತ್ತಿರುತ್ತದೆ. ಕೊನೆಗೊಮ್ಮೆ ಬಾಯಿ ಬಿಟ್ಟಾಗ ಕೇಳುವುದು ಒಂದೇ ಶಬ್ದ. ಆಮೇಲೆ ಹೆದ್ದಾರಿಯ ಅಂಚಿನಲ್ಲಿ ನಿಂತು ರಬ್ಬರಿನ ಚಿಂದಿ ಆರಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ನಮ್ಮದು ಜೋಡಿ ಆಕ್ಸಲ್‌ನ ಟ್ರೈಲರ್. ಅಂದರೆ ನಾಲ್ಕು ಮಹಾಮೌನಿಗಳು, ಜೊತೆಗೊಂದು ಸ್ಟೆಪ್ನಿ. ಜೋಡಿ ಆಕ್ಸಲ್‌ನಲ್ಲಿ ಒಂದು ಟೈರು ಸೋತರೂ ಪಕ್ಕದ್ದು ಅದರ ಭಾರವನ್ನು ಹೊತ್ತು ಮಾನ ಕಾಪಾಡುತ್ತದೆ; ನೋಡುವವರಿಗೆ ಎಲ್ಲವೂ ನೆಟ್ಟಗೇ ಕಾಣುತ್ತದೆ. ಹೊರಡುವ ಮುನ್ನ ನಮ್ಮ ಭಾವ ಒಂದು ಸುತ್ತು ಬಂದು, ಪ್ರತಿ ಟೈರನ್ನೂ ಬೂಟುಗಾಲಿನಿಂದ ಒದ್ದು, “ಕಲ್ಲು ಕಲ್ಲಾಗಿದೆ, ನಡೆಯಿರಿ” ಎಂದು ಅಪ್ಪಣೆ ಕೊಡುತ್ತಾರೆ. ಒದ್ದು ನೋಡುವುದರಿಂದ ತಿಳಿಯುವುದು ಬೂಟಿನ ಗುಣಮಟ್ಟ. 65 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂದು ಗಾಳಿಯ ಒತ್ತಡ ಅಳೆಯುವ ಲೆಕ್ಕ) ಇರಬೇಕಾದ ಟೈರು 45ಕ್ಕೆ ಇಳಿದಿದ್ದರೂ ಒದ್ದವರ ಹೆಬ್ಬೆರಳಿಗೆ ಅದು ಕಲ್ಲೇ.

ಕಾರಿನ ಟೈರಿಗೆ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ ಸಾಕು. ಟ್ರೈಲರ್‌ಗೆಂದೇ ಮಾಡಿದ ಟೈರಿನ ಪಕ್ಕೆಯನ್ನು ಓದಿ ನೋಡಿ: 50 ಇರುತ್ತದೆ, 65 ಇರುತ್ತದೆ, ಭಾರಿ ಹೊರೆಯವಕ್ಕೆ 80 ಕೂಡ. ಗಾಳಿ ಹೊಡೆಯುವ ಪುಟ್ಟ ಯಂತ್ರಗಳನ್ನು ತಯಾರಿಸುವವರ ಮನಸ್ಸಿನಲ್ಲಿ ಇರುವುದು ಮಾತ್ರ ಕಾರು. ಹೆಚ್ಚೆಂದರೆ ಸೈಕಲ್ಲು, ಫುಟ್‌ಬಾಲು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಟ್ರೈಲರ್ ಕಂಡದ್ದು ನನಗಂತೂ ನೆನಪಿಲ್ಲ.

ಪೆಟ್ಟಿಗೆಯ ಮೇಲೆ ಇರುವುದು ಅಂಕಿ. ಯಂತ್ರ ಅಂಗೈಯಗಲದ್ದಿರಲಿ, ಇಬ್ಬರು ಹೊರಬೇಕಾದದ್ದಿರಲಿ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಒಂದೇ: 150 ಪಿಎಸ್‌ಐ. ಭಾವ ಅದನ್ನು ನೋಡಿದ್ದೇ ತಡ, ಲೆಕ್ಕ ಮುಗಿಸಿಬಿಟ್ಟರು. “ನಮಗೆ ಬೇಕಾದದ್ದು 65. ಇದು ಕೊಡುವುದು 150. ಎರಡು ಪಟ್ಟಿಗೂ ಮಿಗಿಲು. ಇನ್ನೇನು ಯೋಚನೆ ನಿನ್ನದು?” ನನಗಿದ್ದ ಯೋಚನೆಯನ್ನು ಬಾಯಿಗೆ ತರುವಷ್ಟರಲ್ಲಿ ಯಂತ್ರ ಮನೆಗೆ ಬಂದಾಗಿತ್ತು.

ಆ 150 ಸುಳ್ಳೆಂದು ಹೇಳಲಾಗದ ಬಡಾಯಿ. ಮುಚ್ಚಿದ ಕೊಳವೆಯೊಳಗೆ ಗಾಳಿ ತಳ್ಳುತ್ತಾ ತಳ್ಳುತ್ತಾ ಯಂತ್ರ ಇನ್ನಾಗದು ಎನ್ನುವ ಹೊತ್ತಿಗೆ ಮುಳ್ಳು ಎಲ್ಲಿಗೆ ಮುಟ್ಟಿತ್ತು ಎಂಬುದಷ್ಟೇ ಅದರ ತಾತ್ಪರ್ಯ. ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು, ಮುಟ್ಟಿದ ಮೇಲೆ ಯಂತ್ರ ಬದುಕಿತ್ತೇ ಎಂಬ ವಿಷಯಗಳಲ್ಲಿ ಪೆಟ್ಟಿಗೆ ಮೌನ ವಹಿಸುತ್ತದೆ. ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ: ನಿಮಿಷಕ್ಕೆ 35 ಲೀಟರ್ ಗಾಳಿ. ಇದು ಸ್ವಲ್ಪ ಉಪಯೋಗದ ಅಂಕಿ. 40 ಲೀಟರ್ ಒಳಜಾಗವಿರುವ ಟೈರನ್ನು 50ರಿಂದ 65ಕ್ಕೆ ಏರಿಸುವುದೆಂದರೆ ಒಳಗಿನ ಒತ್ತಡವನ್ನು ಸುಮಾರು ಒಂದು ವಾತಾವರಣದಷ್ಟು, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು, ಹೆಚ್ಚಿಸುವುದು. ಒತ್ತಡ ಎಷ್ಟು ಪಟ್ಟು ಏರುತ್ತದೋ ಗಾಳಿಯ ಗಾತ್ರ ಅಷ್ಟು ಪಟ್ಟು ಕುಗ್ಗುತ್ತದೆ ಎಂದು 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದ ಪ್ರಕಾರ ಅದಕ್ಕೆ ಹೊರಗಿನ ಗಾಳಿ ಹೆಚ್ಚುಕಡಿಮೆ 40 ಲೀಟರ್ ಬೇಕು. ನಿಮಿಷಕ್ಕೆ 35 ಎಂದಾದರೆ ಟೈರಿಗೆ ಒಂದು ನಿಮಿಷ ಚಿಲ್ಲರೆ. ನಾಲ್ಕಕ್ಕೆ ಐದು ನಿಮಿಷ. ಭಾವನ ಲೆಕ್ಕವೂ ಇದೇ ಆಗಿತ್ತು, ಬಾಯ್ಲ್‌ನ ನೆರವಿಲ್ಲದೆ.

ಲೆಕ್ಕ ತಪ್ಪುವುದು ಎಲ್ಲಿ ಎಂದರೆ, ಆ 35 ಲೀಟರ್ ಅಳೆಯುವಾಗ ಕೊಳವೆಯ ತುದಿಯಲ್ಲಿ ಟೈರೇ ಇರುವುದಿಲ್ಲ. ಬಯಲಿಗೆ ಊದುವಾಗಿನ ಶೌರ್ಯ ಅದು. ಟೈರಿಗೆ ಸಿಕ್ಕಿಸಿದ ಮೇಲೆ ಪಿಸ್ಟನ್ ಪ್ರತಿ ಸಲವೂ ತನ್ನೊಳಗಿನ ಗಾಳಿಯನ್ನು ಟೈರಿನ ಒತ್ತಡಕ್ಕಿಂತ ಮೇಲಕ್ಕೆ ಒತ್ತಬೇಕು; ಆಗಷ್ಟೇ ಒಂದು ಗುಟುಕು ಒಳಗೆ ಹೋಗುತ್ತದೆ. ಸಿಲಿಂಡರಿನ ತುದಿಯಲ್ಲಿ ಉಳಿದ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ ಹಿಂದಕ್ಕೆ ಹಿಗ್ಗಿ ಮುಂದಿನ ಗುಟುಕಿನ ಜಾಗವನ್ನು ತಿನ್ನುತ್ತದೆ. ಒತ್ತಡ ಏರಿದಷ್ಟೂ ಗುಟುಕು ಸಣ್ಣದು. ಕಾರಿನ ಟೈರಿನಲ್ಲಿ ಈ ಯಂತ್ರಗಳು ಹೇಗೋ ಹೆಸರು ಉಳಿಸಿಕೊಳ್ಳುತ್ತವೆ. 60 ದಾಟಿದ ಮೇಲೆ ಅವುಗಳ ದುಡಿಮೆ ಬಹುಮಟ್ಟಿಗೆ ಸದ್ದು ಮಾಡುವುದಕ್ಕೆ ಮೀಸಲು.

ಸದ್ದೆಂದರೆ ಎಂಥದ್ದು! ಭಾವ ತಂದ ಯಂತ್ರವನ್ನು ಸಿಮೆಂಟಿನ ನೆಲದ ಮೇಲಿಟ್ಟು ಗುಂಡಿ ಒತ್ತಿದೆವು. ಅದು ಕೆರಳಿದ ಜೀರುಂಡೆಯ ಹಾಗೆ ಚೀರುತ್ತಾ, ನಿಂತಲ್ಲಿ ನಿಲ್ಲದೆ ನಡುಗುತ್ತಾ ನಡುಗುತ್ತಾ, ತನ್ನದೇ ಕೊಳವೆಯನ್ನು ಎಳೆದುಕೊಂಡು ಟ್ರೈಲರ್‌ನ ಅಡಿಗೆ ಹೊರಟಿತು. ಭಾವ ಅದನ್ನು ಕಾಲಿನಿಂದ ಅಡ್ಡಗಟ್ಟಿದರು. 52. ಸ್ವಲ್ಪ ಹೊತ್ತಿನ ಮೇಲೆ 54. ಅಕ್ಕ ಒಳಗಿನಿಂದ ಬಂದು, “ರೀ, ಇದನ್ನು ಬೆಳಗಿನವರೆಗೂ ಹೀಗೇ ಕೂಗಿಸುತ್ತೀರಾ?” ಎಂದಳು. 57ಕ್ಕೆ ಬಂದಾಗ ಪ್ಲಾಸ್ಟಿಕ್ ಬಿಸಿಯಾದ ವಾಸನೆ. 58ಕ್ಕೆ ಯಂತ್ರ ತಾನೇ ಬಾಯಿ ಮುಚ್ಚಿತು. ಗುಂಡಿ ಒತ್ತಿದರೂ ಇಲ್ಲ, ತಟ್ಟಿದರೂ ಇಲ್ಲ. ಸುಟ್ಟುಹೋಗಬಾರದೆಂದು ಒಳಗಿನ ರಕ್ಷಾ ಸ್ವಿಚ್ಚು ಕೆಲಸ ನಿಲ್ಲಿಸಿತ್ತು. ಭಾವನ ಪ್ರಕಾರ ಅದು “ಮುನಿಸಿಕೊಂಡಿತ್ತು”.

ಪೆಟ್ಟಿಗೆಯ ತಳದಲ್ಲಿದ್ದ ಮಡಿಕೆ ಕಾಗದವನ್ನು ಅಕ್ಕ ಬಿಡಿಸಿ ಓದಿದಳು. ಮನೆಯಲ್ಲಿ ಇಂಥ ಕಾಗದ ಓದುವ ಪದ್ಧತಿ ಇರುವುದು ಅವಳೊಬ್ಬಳಿಗೆ. ಕನ್ನಡಕಕ್ಕೂ ಸವಾಲೊಡ್ಡುವ ಅಕ್ಷರದಲ್ಲಿ ಅಲ್ಲಿ ಡ್ಯೂಟಿ ಸೈಕಲ್ 25 ಶೇಕಡಾ ಎಂದಿತ್ತು: 10 ನಿಮಿಷ ಕೆಲಸ, 30 ನಿಮಿಷ ವಿಶ್ರಾಂತಿ. ಅಕ್ಕ ಗಂಡನ ಮುಖವನ್ನೂ ಯಂತ್ರದ ಮುಖವನ್ನೂ ಒಮ್ಮೆ ನೋಡಿ, “ಸರಿಯಾದ ಜೋಡಿ” ಎಂದು ಒಳಗೆ ಹೋದಳು.

ಗಾಳಿ ಒತ್ತಿದರೆ ಬಿಸಿಯಾಗುವುದು ಸಹಜ. ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆಲ್ಲ ಗೊತ್ತು. ಹಾಗಾಗಿ ಯಂತ್ರ ಕೊಳ್ಳುವಾಗ ಕೇಳಬೇಕಾದದ್ದು ನನ್ನ ಪ್ರಕಾರ ಎರಡೇ ಪ್ರಶ್ನೆ. ನನ್ನ ಟೈರಿನ ಒತ್ತಡದಲ್ಲಿ ನೀನು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತೀ? ಎಷ್ಟು ಹೊತ್ತು ದುಡಿದು ಎಷ್ಟು ಹೊತ್ತು ಮಲಗುತ್ತೀ? ಎರಡಕ್ಕೂ ಉತ್ತರ ಅಚ್ಚು ಹಾಕದ ಪೆಟ್ಟಿಗೆಯನ್ನು ಮರಳಿ ಕಪಾಟಿಗೆ ಇಡುವುದು ಕ್ಷೇಮ.

ಉತ್ತರ ಕೊಡುವ ಯಂತ್ರಗಳು ಇವೆ. ಆದರೆ ಅವುಗಳ ಹಸಿವು ದೊಡ್ಡದು. ಕಾರಿನೊಳಗಿನ ಸಿಗರೇಟ್ ಲೈಟರ್ ಸಾಕೆಟ್ಟಿನ ಹಿಂದೆ ಸಾಮಾನ್ಯವಾಗಿ 10, 15, ಹೆಚ್ಚೆಂದರೆ 20 ಆಂಪಿಯರ್ ಫ್ಯೂಸ್ ಇರುತ್ತದೆ. 12 ವೋಲ್ಟಿನಲ್ಲಿ 15 ಆಂಪಿಯರ್ ಎಂದರೆ 180 ವಾಟ್, ಅಷ್ಟೇ. ನಿಜವಾಗಿ ತಾಕತ್ತಿರುವ ಯಂತ್ರ 30 ಆಂಪಿಯರ್ ಬೇಡುತ್ತದೆ. ಅದನ್ನು ಸಾಕೆಟ್ಟಿಗೆ ಚುಚ್ಚಿದರೆ ಫ್ಯೂಸ್ ಹೋಗುತ್ತದೆ, ಫ್ಯೂಸಿನೊಂದಿಗೆ ಮೊಬೈಲ್ ಚಾರ್ಜೂ ಹೋಗುತ್ತದೆ, ಆಮೇಲೆ ಹಿಂದಿನ ಸೀಟಿನ ಮಕ್ಕಳಿಂದ ಬರುವ ಒತ್ತಡವನ್ನು ಯಾವ ಪಿಎಸ್‌ಐಯಲ್ಲೂ ಅಳೆಯಲಾಗದು. ಆದ್ದರಿಂದ ಇವಕ್ಕೆ ಕೆಂಪು ಕಪ್ಪು ಕ್ಲಿಪ್ಪುಗಳು. ಬಾನೆಟ್ ಎತ್ತಿ ನೇರ ಬ್ಯಾಟರಿಗೆ ಕಚ್ಚಿಸಬೇಕು, ಎಂಜಿನ್ ಓಡುತ್ತಿರಬೇಕು.

ಬ್ಯಾಟರಿ ಕಾರಿನ ಮೂಗಿನಲ್ಲಿದೆ. ಗಾಳಿ ಬೇಕಾದ ಟೈರು ಟ್ರೈಲರ್‌ನ ಬೆನ್ನಿನಲ್ಲಿದೆ. ಈ ಸರಳ ಭೂಗೋಳ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಅಕ್ಕ ಟೇಪು ಹಿಡಿದು ಬಾನೆಟ್ಟಿನಿಂದ ಹಿಂದಿನ ಆಕ್ಸಲ್‌ವರೆಗೆ ಅಳೆದಳು. ಹತ್ತು ಮೀಟರ್ ಹತ್ತಿರ ಹತ್ತಿರ. ಭಾವನ ಯಂತ್ರದ ವೈರು 3 ಮೀಟರ್, ಕೊಳವೆ ಒಂದು ಗೇಣಿಗಿಂತ ಸ್ವಲ್ಪ ಉದ್ದ. “ಅದಕ್ಕೇನು, ಟ್ರೈಲರ್ ಕಳಚಿ ಕಾರನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸಿದರಾಯಿತು” ಎಂದರು ಭಾವ. ಮಳೆಯಲ್ಲಿ, ಇಳಿಜಾರಿನಲ್ಲಿ, ಲಾರಿಗಳು ಸವರಿಕೊಂಡು ಹೋಗುವ ರಸ್ತೆಯ ಅಂಚಿನಲ್ಲಿ, ತುಂಬಿದ ಟ್ರೈಲರ್ ಕಳಚುವ ಉತ್ಸಾಹ ಅವರಲ್ಲಿ ಇನ್ನೂ ಇರುವುದಕ್ಕೆ ಕಾರಣ, ಕಳಚುವ ಕೆಲಸ ಯಾವಾಗಲೂ ನನ್ನ ಪಾಲಿಗೆ ಬರುವುದು.

ವೈರಿನ ರಗಳೆಯೇ ಬೇಡವೆಂದರೆ ತನ್ನದೇ ಬ್ಯಾಟರಿ ಇರುವ ಯಂತ್ರಗಳಿವೆ. ನೋಡಲು ಚಂದ, ಮೊದಲ ಟೈರಿಗೆ ಶೂರ. ಮೂರನೆಯದರ ನಡುವೆ ಕೆಂಪು ದೀಪ ಮಿನುಗಿಸಿ ಮಲಗಿಬಿಡುವ ಸಾಧ್ಯತೆ ಹೆಚ್ಚು, ಅದರಲ್ಲೂ ತಿಂಗಳುಗಟ್ಟಲೆ ಡಿಕ್ಕಿಯಲ್ಲಿ ಮರೆತುಹೋಗಿದ್ದರೆ. ಟ್ಯಾಂಕ್ ಇರುವ ದೊಡ್ಡ ಕಂಪ್ರೆಸರ್ ಮನೆಯ ಅಂಗಳಕ್ಕೆ ಒಳ್ಳೆಯದು, ಟೈರಿನ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ; ಆದರೆ ಪಂಕ್ಚರ್ ಆಗುವುದು ಅಂಗಳದಲ್ಲಲ್ಲ.

ಇನ್ನು ಮೂತಿಯ ವಿಷಯ. ಕೊಳವೆಯ ತುದಿಯ ಹಿತ್ತಾಳೆ ಮೂತಿಯನ್ನು ವಾಲ್ವಿಗೆ ತಿರುಗಿಸಿ ಕೂರಿಸುವ ಬಗೆ ಒಂದು. ಕೂರಿಸುವಾಗ ಏನೂ ತೊಂದರೆಯಿಲ್ಲ. 65 ಬಂತೆಂದು ತೆಗೆಯಲು ಹೋದಾಗ ಅದು ಕಾದು ಕೆಂಡವಾಗಿರುತ್ತದೆ. ಬೆರಳು ಇಟ್ಟು, ತೆಗೆದು, ಊದಿಕೊಂಡು, ಮತ್ತೆ ಇಟ್ಟು, ಅರ್ಧ ಸುತ್ತು ತಿರುಗಿಸಿ ಮತ್ತೆ ತೆಗೆಯುವಷ್ಟರಲ್ಲಿ ವಾಲ್ವಿನ ನಡುವಿನ ಸೂಜಿ ಇನ್ನೂ ಒತ್ತಿಕೊಂಡೇ ಇರುತ್ತದೆ. ಇಷ್ಟು ಹೊತ್ತು ಕಿವಿ ಕಿವುಡಾಗಿಸಿಕೊಂಡು ಸಂಪಾದಿಸಿದ ಗಾಳಿ ಸುಸ್ಸೆಂದು ಹೊರಟುಹೋಗುತ್ತದೆ. ಸನ್ನೆಕೋಲು ಒತ್ತಿ ಹಿಡಿಸುವ ಮೂತಿ ಇದಕ್ಕಿಂತ ಎಷ್ಟೋ ವಾಸಿ, ಒಂದೇ ಸಲಕ್ಕೆ ಬಿಡುತ್ತದೆ. ವಯಸ್ಸಾದ ಮೇಲೆ ಹೇಳದೆ ಕೇಳದೆಯೂ ಬಿಡುತ್ತದೆ, ಅದು ಬೇರೆ ಮಾತು.

ಒತ್ತಡ ಎಷ್ಟಿದೆ ಎಂಬುದರಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಯಂತ್ರ ಓಡುವಾಗ ಅದರ ಮುಳ್ಳು ತೋರಿಸುವುದು ಕೊಳವೆಯ ಒತ್ತಡವನ್ನು, ಅದು ಟೈರಿನದಕ್ಕಿಂತ ಹೆಚ್ಚು. ನಿಲ್ಲಿಸಿದೊಡನೆ ಮುಳ್ಳು ಮುಖ ಇಳಿಸುತ್ತದೆ. ಹೀಗಾಗಿ ಅಕ್ಕ ಪ್ರತ್ಯೇಕ ಗೇಜು ಇಟ್ಟುಕೊಂಡು ತನ್ನ ತೀರ್ಪನ್ನೇ ಅಂತಿಮವೆಂದು ಘೋಷಿಸಿದ್ದಾಳೆ. ಆದರೂ ಒಮ್ಮೆ ಪ್ರಯಾಣದ ನಡುವೆ, ಮಟಮಟ ಮಧ್ಯಾಹ್ನ, ಅವಳು ನೆರಳಿಗೆ ಹೋಗಿದ್ದಾಗ ಗೇಜು ಭಾವನ ಕೈಗೆ ಸಿಕ್ಕಿತು. ನಾಲ್ಕೂ ಟೈರಿನಲ್ಲಿ 70 ದಾಟಿತ್ತು. “ಅಯ್ಯೋ, ಸಿಡಿದೇಬಿಡುತ್ತಿತ್ತು!” ಎಂದು ಎಲ್ಲವನ್ನೂ ಚೆನ್ನಾಗಿ ಇಳಿಸಿ, 65ಕ್ಕೆ ತಂದು, ಪ್ರಾಣ ಉಳಿಸಿದವರ ಠೀವಿಯಲ್ಲಿ ಕುಳಿತರು. ಟೈರಿನ ಪಕ್ಕೆಯ ಅಂಕಿ ತಣ್ಣಗಿರುವಾಗಿನದು, ಓಡಿ ಕೆಲವು ಗಂಟೆ ವಿಶ್ರಮಿಸಿದ ಮೇಲಿನದು. 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 65ರ ಟೈರು 2-3 ಪಿಎಸ್‌ಐ ಏರಿಸಿಕೊಳ್ಳುತ್ತದೆ. ಅದು ಅದರ ಹಕ್ಕು. ಮರುದಿನ ಬೆಳಗಿನ ಚಳಿಯಲ್ಲಿ ನಾಲ್ಕೂ ಐವತ್ತರ ಮನೆಯಲ್ಲಿದ್ದವು. ಮುನಿಸಿನ ಯಂತ್ರ ಹತ್ತು ನಿಮಿಷ ಕೂಗಿ, ಮೂವತ್ತು ನಿಮಿಷ ಮಲಗಿ, ಮತ್ತೆ ಕೂಗಿ ಅವನ್ನು ಸರಿಮಾಡುವಷ್ಟರಲ್ಲಿ ಭಾವ ಎರಡು ನಿದ್ದೆ ಮುಗಿಸಿದ್ದರು.

ಆ ಬೆಳಗಿನ ನಂತರವೇ ಅಕ್ಕ ವ್ಯವಹಾರವನ್ನು ಕೈಗೆ ತೆಗೆದುಕೊಂಡಳು. ಈಗಿರುವುದು ಅವಳು ಆರಿಸಿದ ಯಂತ್ರ: ಎರಡು ಸಿಲಿಂಡರ್, ಬ್ಯಾಟರಿಗೆ ಕಚ್ಚಿಸುವ ಕ್ಲಿಪ್ಪು, ಸುರುಳಿ ಬಿಚ್ಚಿದರೆ ಹಿಂದಿನ ಟೈರನ್ನೂ ದಾಟಿ ಹೋಗುವ ಕೊಳವೆ. 60 ಪಿಎಸ್‌ಐ ಎದುರಿಗೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು ಅದರ ಕಾಗದ ನಾಚಿಕೆಯಿಲ್ಲದೆ ಹೇಳುತ್ತದೆ. ತೂಕ ಜಾಸ್ತಿ, ಡಿಕ್ಕಿಯಲ್ಲಿ ಒಂದು ಮೂಲೆ ಅದರ ಹೆಸರಿಗೆ ಬರೆದುಕೊಟ್ಟಾಗಿದೆ. ಅದರ ಪೆಟ್ಟಿಗೆಯ ಮೇಲೂ 150 ಎಂದೇ ಇತ್ತು. ಭಾವ ಅದನ್ನು ಎಲ್ಲರಿಗೂ ತೋರಿಸಿ, “ನಾನು ಮೊದಲೇ ಹೇಳಿರಲಿಲ್ಲವೇ?” ಎಂದರು.

ಮೊನ್ನೆ ಸಾಮಾನು ತುಂಬಿ, ಹಗ್ಗ ಬಿಗಿದು, ಟಾರ್ಪಾಲು ಹೊದಿಸಿ ಹೊರಡಲು ಸಿದ್ಧವಾದ ಮೇಲೆ ಹೊಸ ಯಂತ್ರ ನಾಲ್ಕೂ ಟೈರನ್ನು ತಕರಾರಿಲ್ಲದೆ 65ಕ್ಕೆ ತಂದಿತು. ಅಕ್ಕ ಗೇಜು ಹಿಡಿದು ತಲೆಯಾಡಿಸಿದಳು. ಆಮೇಲೆ, “ಸ್ಟೆಪ್ನಿ?” ಎಂದಳು.

ಸ್ಟೆಪ್ನಿ ಟ್ರೈಲರ್‌ನ ಹೊಟ್ಟೆಯ ಅಡಿಯಲ್ಲಿ ನೇತಾಡುತ್ತದೆ. ಅದರ ವಾಲ್ವು ಮೇಲ್ಮುಖವಾಗಿ, ಟ್ರೈಲರ್‌ನ ತಳಕ್ಕೆ ಮುತ್ತಿಡುವಷ್ಟು ಹತ್ತಿರ. ಕರೆಂಟು ತಲುಪಿತು, ಕೊಳವೆ ತಲುಪಿತು, ಕೈ ಮಾತ್ರ ತಲುಪಲಿಲ್ಲ. ಭಾವ ಬೆನ್ನಿನ ಮೇಲೆ ಮಲಗಿ ಸೊಂಟದವರೆಗೆ ಒಳಗೆ ನುಸುಳಿ, ತುಸು ಹೊತ್ತು ಏನೇನೋ ತಡಕಾಡಿ, ಅಲ್ಲಿಂದಲೇ ಕೂಗಿದರು: “ಇದನ್ನು ಕೆಳಗಿಳಿಸದೆ ಆಗುವುದಿಲ್ಲ. ಇಳಿಸುವ ಹಿಡಿಕೆ ಎಲ್ಲಿದೆ?”

“ಟೂಲ್ ಬಾಕ್ಸಿನಲ್ಲಿದೆ, ಭಾವ” ಎಂದೆ.

“ಟೂಲ್ ಬಾಕ್ಸ್ ಎಲ್ಲಿದೆ?”

ಅಕ್ಕ ಟಾರ್ಪಾಲಿನ ಹಗ್ಗವನ್ನು ಬಿಚ್ಚತೊಡಗಿದಳು. “ಎಲ್ಲಕ್ಕಿಂತ ಮೊದಲು ಇಟ್ಟದ್ದು ಅದನ್ನೇ, ರೀ. ಭಾರದ್ದು ಅಡಿಯಲ್ಲಿರಲಿ ಎಂದು ನೀವೇ ಹೇಳಿದಿರಿ.”