ಮುಂದೆ ಸ್ವಿಚ್ಚು, ಹಿಂದೆ ಹ್ಯಾಂಡಲ್ಲು, ನಡುವೆ ನನ್ನ ಕರ್ಮ

ಕಾರಿನೊಳಗೆ ಕೂತು ರೇನ್‌ಕೋಟ್ ಹಾಕಿಕೊಂಡು ಓಡಿಸಿದ್ದೀರಾ? ನಾನು ಓಡಿಸಿದ್ದೇನೆ. ಹೋದ ಭಾನುವಾರ, ಹಾಸನ ರಸ್ತೆಯಲ್ಲಿ, ಆಷಾಢದ ಮಳೆಯಲ್ಲಿ. ಪಕ್ಕದಲ್ಲಿ ಹೋಗುತ್ತಿದ್ದ ಬೈಕಿನವನೂ ರೇನ್‌ಕೋಟಿನಲ್ಲೇ ಇದ್ದ. ನನ್ನನ್ನು ನೋಡಿ ಹಲ್ಲು ಬಿಟ್ಟ. ಈ ಭಾಗ್ಯಕ್ಕೆ ನಾನು ಇನ್ನೂ 3 ವರ್ಷ ಇಎಂಐ ಕಟ್ಟಬೇಕು.

ಅಮ್ಮನ ಹರಕೆ ಇತ್ತು, ಧರ್ಮಸ್ಥಳಕ್ಕೆ ಹೊರಟಿದ್ದೆವು. ಹಾಸನಕ್ಕೆ ಮುಂಚೆ ಟೋಲ್ ಸಿಗುತ್ತದಲ್ಲ, ಅಲ್ಲಿ ಫಾಸ್ಟ್ಯಾಗ್ ಓದಲಿಲ್ಲ. (2021ರ ಫೆಬ್ರವರಿಯಿಂದ ಕಡ್ಡಾಯ, ಇನ್ನು ಗ್ಲಾಸ್ ಇಳಿಸುವ ಕೆಲಸವೇ ಇಲ್ಲ ಅಂದುಕೊಂಡಿದ್ದೆ. ಆ ಅಳಲು ಇನ್ನೊಂದು ದಿನ.) ಹುಡುಗ ಕೈಯಲ್ಲಿ ಮಷಿನ್ ಹಿಡಿದು ಬಂದ. ಸ್ವಿಚ್ ಒತ್ತಿದೆ. ಗ್ಲಾಸ್ ಅರ್ಧ ಇಳಿಯಿತು. ಬಾಗಿಲೊಳಗೆ ಟಕ್ ಅಂತ ಏನೋ ಕಡಿದ ಸದ್ದು. ಉಳಿದರ್ಧ ತಾನಾಗೇ ಧಡ್ ಅಂತ ಒಳಗೆ ಬಿತ್ತು. ಮೇಲಕ್ಕೆ ಒತ್ತಿದರೆ ಮೋಟಾರು ಗುರ್ರ್ ಅನ್ನುತ್ತದೆ, ಗ್ಲಾಸ್ ಮಾತ್ರ ಪತ್ತೆ ಇಲ್ಲ. ಹಿಂದೆ ಲಾರಿಯವನ ಹಾರ್ನ್. ಎದುರಿಂದ ಮಳೆ.

ಬೆಡ್‌ಶೀಟ್ ಕಟ್ಟೋಣ ಅಂದಳು ಹೆಂಡತಿ. ಕಟ್ಟಿದರೆ ಬಲಗಡೆ ಕನ್ನಡಿ ಕಾಣಲ್ಲ. ಹಾಗಾಗಿ ಡಿಕ್ಕಿಯಿಂದ ರೇನ್‌ಕೋಟ್ ತೆಗೆದೆ.

ಭಾನುವಾರ ಎಲ್ಲ ಗ್ಯಾರೇಜಿಗೂ ಬೀಗ. ಹಾಸನ ದಾಟಿ ಸಕಲೇಶಪುರದ ದಾರಿಯಲ್ಲಿ ಒಬ್ಬ ಪುಣ್ಯಾತ್ಮ ಸಿಕ್ಕ. ಡೋರ್ ಪ್ಯಾಡ್ ಬಿಚ್ಚಿ ಟಾರ್ಚ್ ಬಿಟ್ಟು ತೋರಿಸಿದ. ಮೋಟಾರು ಚೆನ್ನಾಗೇ ಇದೆ. ಅದು ಒಂದು ಪ್ಲಾಸ್ಟಿಕ್ ಗಾಲಿ ತಿರುಗಿಸುತ್ತದೆ, ಗಾಲಿಗೆ ಸುತ್ತಿದ ತಂತಿ ಗ್ಲಾಸನ್ನು ಮೇಲೆ ಕೆಳಗೆ ಎಳೆಯುತ್ತದೆ. ಆ ತಂತಿ ಕಡಿದಿದೆ, ಅಷ್ಟೇ. ಸೈಕಲ್ಲಿನ ಬ್ರೇಕ್ ವೈರಿನಷ್ಟು ದಪ್ಪದ ತಂತಿ, ತುದಿ ಪೊರಕೆ ಥರ ಬಿಚ್ಚಿಕೊಂಡಿತ್ತು. ಗ್ಲಾಸ್ ಕೈಯಲ್ಲೇ ಮೇಲಕ್ಕೆ ತಳ್ಳಿ, ಕೆಳಗೆ ಮರದ ತುಂಡು ಸಿಕ್ಕಿಸಿ, "ಇನ್ಮೇಲೆ ಇಳಿಸೋಕೆ ಹೋಗ್ಬೇಡಿ ಸಾರ್" ಅಂದ. 200 ರೂಪಾಯಿ ಕೊಟ್ಟೆ.

ಇಲ್ಲಿಗೆ ಮುಗಿಯಿತಾ? ಇಲ್ಲ. ಶಿರಾಡಿ ಘಾಟಿ ಬಾಕಿ ಇತ್ತು.

ನಮ್ಮದು ಮಧ್ಯದ ಮಾಡೆಲ್. ಅಂದರೆ ಮುಂದಿನ ಎರಡು ಬಾಗಿಲಿಗೆ ಪವರ್ ವಿಂಡೋ, ಹಿಂದಿನ ಎರಡಕ್ಕೆ ತಿರುಗಿಸುವ ಹ್ಯಾಂಡಲ್. ಹಿಂದೆ ಯಾರು ಕೂರುತ್ತಾರೆ? ಹೆಗಲು ಹಿಡಿದುಕೊಂಡಿರುವ ಅಮ್ಮ, ಕೈ ಎಟುಕದ ಮಗ. ಗಟ್ಟಿಮುಟ್ಟಾಗಿರುವ ನನಗೆ ಸ್ವಿಚ್ಚು, ಅಮ್ಮನಿಗೆ ರಾಗಿ ಬೀಸುವ ಕೆಲಸ. ಮುಂದೆ ಕೂತು ಹಿಂದಿನ ಗ್ಲಾಸ್ ಇಳಿಸುವ ದಾರಿಯೇ ಇಲ್ಲ. ಘಾಟಿಯ ಎರಡನೇ ತಿರುವಿಗೇ ಅಮ್ಮ ಸೆರಗು ಬಾಯಿಗೆ ಹಿಡಿದಳು. "ಗ್ಲಾಸ್ ಇಳಿಸೋ" ಅಂತ ಕೈಸನ್ನೆ. ನಾನು ಹೇಗೆ ಇಳಿಸಲಿ? ಹೆಂಡತಿ ಸೀಟಿನ ಮೇಲಿಂದ ಬಗ್ಗಿ ಹ್ಯಾಂಡಲ್ ತಿರುಗಿಸಿದಳು. ಒಂದು ಸುತ್ತು, ಎರಡು ಸುತ್ತು. ಮೂರನೇ ಸುತ್ತಿಗೆ ಹ್ಯಾಂಡಲ್ ಕೈಗೇ ಬಂತು. ಒಳಗಿನ ಹಲ್ಲೆಲ್ಲ ಸವೆದು ನುಣ್ಣಗೆ. ಆಮೇಲೆ ಏನಾಯಿತು ಅಂತ ಅಮ್ಮನ ಹೊಸ ಸೀರೆಯನ್ನೇ ಕೇಳಿ.

ಪ್ಲಾಸ್ಟಿಕ್ ಹ್ಯಾಂಡಲ್, 3 ವರ್ಷದಲ್ಲಿ ಸವೆಯಿತು ಅಂದರೆ ನಂಬುತ್ತೀರಾ? ಅಪ್ಪನ ಹತ್ತಿರ ಮಾರುತಿ 800 ಇತ್ತು. 1983ರ ಕೊನೆಯಲ್ಲಿ ಬಂದು 2014ರಲ್ಲಿ ನಿಂತ ಗಾಡಿ ಅದು. ನಾಲ್ಕೂ ಬಾಗಿಲಿಗೆ ಹ್ಯಾಂಡಲ್. ಸೆಕೆಂಡ್ ಹ್ಯಾಂಡ್ ತಗೊಂಡು 14 ವರ್ಷ ಓಡಿಸಿದರು. ಒಂದೇ ಸಲ ಹ್ಯಾಂಡಲ್ ಬಿದ್ದಿತ್ತು. ಕುದುರೆ ಲಾಳದ ಆಕಾರದ ಪುಟ್ಟ ಕ್ಲಿಪ್ ಬರುತ್ತದಲ್ಲ, ಅದನ್ನು ಸಿಕ್ಕಿಸಿ ಕೊಟ್ಟ ಮೆಕ್ಯಾನಿಕ್ ದುಡ್ಡು ಕೂಡ ತಗೊಳ್ಳಲಿಲ್ಲ.

ಹ್ಯಾಂಡಲ್ ಕೊಡುವುದಾದರೆ ಅಂಥ ಹ್ಯಾಂಡಲ್ ಕೊಡಿ, ಬೇಡ ಅನ್ನಲ್ಲ. ಸ್ವಿಚ್ ಕೊಡುವುದಾದರೆ ನಾಲ್ಕಕ್ಕೂ ಕೊಡಿ. ಇದೇನು ಅರ್ಧಂಬರ್ಧ? ಎರಡು ಮೋಟಾರು, ಎರಡು ಸ್ವಿಚ್ಚು, ನಾಲ್ಕು ಮಾರು ವೈರಲ್ಲಿ ಉಳಿಸಿದ್ದನ್ನು ಎಲ್ಲಿ ಹಾಕಿದ್ದಾರೆ ಗೊತ್ತಾ? ಊಟದ ತಟ್ಟೆಯಷ್ಟು ಅಗಲದ ಟಚ್ ಸ್ಕ್ರೀನಿಗೆ! ಶೋರೂಮಲ್ಲಿ ಆಗಲೇ ಕೇಳಿದ್ದೆ. "ನಾಲ್ಕಕ್ಕೂ ಬೇಕು ಅಂದ್ರೆ ಟಾಪ್ ಎಂಡ್ ತಗೊಳ್ಳಿ ಸಾರ್" ಅಂದರು. 70 ಸಾವಿರ ಜಾಸ್ತಿ. ಅದರಲ್ಲಿ ಅಲಾಯ್ ವೀಲ್, ಎರಡು ಬಣ್ಣದ ಟಾಪ್, ನನಗೆ ಬೇಡದ್ದೆಲ್ಲ ಇತ್ತು. ಬೆಂಗಳೂರಿನ ಜೆ.ಸಿ. ರೋಡಲ್ಲಿ ಕಾರಿನ ಸಾಮಾನಿನ ಅಂಗಡಿಗಳಿವೆಯಲ್ಲ, ಅಲ್ಲಿ ಹೊರಗಡೆ ಹಾಕಿಸುತ್ತೇನೆ ಅಂದೆ. ವೈರ್ ಕಟ್ ಮಾಡಿದರೆ ವಾರಂಟಿ ಹೋಗುತ್ತೆ ಅಂತ ಹೆದರಿಸಿದರು. ಕಾನೂನು ಕಿವಿ ಹಿಂಡಿದರೆ ಮಾತ್ರ ಇವರಿಗೆ ಎಲ್ಲ ಸಾಧ್ಯ. 2019ರಲ್ಲಿ ರಿವರ್ಸ್ ಸೆನ್ಸರ್ ಕಡ್ಡಾಯ ಆಯ್ತು, ಬೇಸ್ ಮಾಡೆಲ್ಲಿಗೂ ಬಂತು. ಅಮ್ಮನ ಹೆಗಲಿಗೆ ಅಂಥ ಕಾನೂನಿಲ್ಲ ನೋಡಿ.

ಸೋಮವಾರ ಸರ್ವೀಸ್ ಸೆಂಟರಿಗೆ ಹೋದೆ. ವಾರಂಟಿ ಮುಗಿದು ನಾಲ್ಕು ತಿಂಗಳು. ತಂತಿ ಒಂದೇ ಹಾಕಿಕೊಡಿ ಅಂದೆ. "ಕೇಬಲ್ ಬಿಡಿಯಾಗಿ ಬರಲ್ಲ ಸಾರ್, ಮೋಟಾರು ಸಮೇತ ಫುಲ್ ಅಸೆಂಬ್ಲಿ." 5,800 ರೂಪಾಯಿ, ಲೇಬರ್ ಬೇರೆ. ಚೆನ್ನಾಗಿರುವ ಮೋಟಾರನ್ನು ಯಾಕೆ ಎಸೆಯಬೇಕು ಅಂತ ಕೇಳಿದರೆ ಕಂಪ್ಯೂಟರ್ ನೋಡಿಕೊಂಡು ಕೂತ. ಹಿಂದಿನ ಹ್ಯಾಂಡಲ್ ಸ್ಟಾಕಿಲ್ಲ, ಆರ್ಡರ್ ಹಾಕಬೇಕಂತೆ. ಒಂದು ಪ್ಲಾಸ್ಟಿಕ್ ಹ್ಯಾಂಡಲ್ಲಿಗೆ ಹತ್ತು ದಿನ!

ಸದ್ಯಕ್ಕೆ ಮರದ ತುಂಡಿನ ಮೇಲೆ ಸಂಸಾರ ನಡೆದಿದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಏನಾದರೂ ಕೇಳಿದರೆ ಬಾಗಿಲು ತೆಗೆದು ಮಾತಾಡುತ್ತೇನೆ. ಹರಕೆ ಇನ್ನೊಂದು ಬಾಕಿ ಇದೆಯಂತೆ, ಕುಕ್ಕೆಗೆ. ಕಾರಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದೆ. ಅಮ್ಮ ಆಧಾರ್ ಕಾರ್ಡ್ ಹುಡುಕುತ್ತಾ, "ಬೇಡಪ್ಪಾ, ಕೆಂಪು ಬಸ್ಸಲ್ಲಿ ಹೋಗ್ತೀನಿ. ಟಿಕೆಟ್ಟೂ ಇಲ್ಲ, ಗ್ಲಾಸೂ ಪಕ್ಕಕ್ಕೆ ಎಳೆದ್ರೆ ಸಾಕು" ಅಂದಳು.