ಬಿಡಿಭಾಗ ಅಂದಮಾತ್ರಕ್ಕೆ ಲೈಸೆನ್ಸ್ ಬೇಡ ಅಂತಲ್ಲ

ವಿದೇಶದಿಂದ ಭಾರತಕ್ಕೆ ಬಂದೂಕು ಬಿಟ್ಟು ಬರೀ ಅದರ ಬಿಡಿಭಾಗ ತಂದರೆ ಲೈಸೆನ್ಸ್ ಬೇಕಿಲ್ಲ ಎಂದು ಒಂದು ಲೇಖನದಲ್ಲಿದೆ. ದಯವಿಟ್ಟು ಇದನ್ನು ನಂಬಿ ಹೊರಡಬೇಡಿ. 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧದ ಭಾಗಗಳೂ ಆಯುಧವೇ. ಹಾಗಾಗಿ ಬ್ಯಾರಲ್ (ನಳಿಗೆ), ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ)ಗಳಿಗೂ ಆಮದಿಗೆ ಲೈಸೆನ್ಸ್ ಬೇಕೆನ್ನುವ ಕಲಂ 10 ಅನ್ವಯಿಸುತ್ತದೆ. ಸದ್ದು ತಗ್ಗಿಸುವ ಸೈಲೆನ್ಸರನ್ನಂತೂ ಕಾಯ್ದೆ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ, ಅದರ ತಂಟೆ ಬೇಡವೇ ಬೇಡ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ 2029ರ ಅಕ್ಟೋಬರ್‌ವರೆಗೆ ಇರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಆಮದಿಗಲ್ಲ.

ಸ್ಲಿಂಗ್ (ಹೆಗಲಿಗೆ ಹಾಕುವ ಪಟ್ಟಿ), ಚೀಲ, ಕಿವಿಗೆ ಹಾಕುವ ಮಫ್ ಇವಕ್ಕೆ ತಕರಾರಿಲ್ಲ. ನಳಿಗೆ ತಿಕ್ಕುವ ರಾಡ್ ಚೆಕ್-ಇನ್ ಬ್ಯಾಗಿನಲ್ಲಿರಲಿ. ನಳಿಗೆ ತೊಳೆಯುವ, ಬೇಗ ಹೊತ್ತಿಕೊಳ್ಳುವ ಸಾಲ್ವೆಂಟನ್ನು (ದ್ರಾವಕ) ವಿಮಾನಕ್ಕೆ ಬಿಡುವುದಿಲ್ಲ, ಇಲ್ಲೇ ಕೊಳ್ಳಿ.

ಹೆಚ್ಚು ಜನ ಎಡವುವುದು ಸ್ಕೋಪ್ (ಗುರಿ ನೋಡಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನು) ವಿಷಯದಲ್ಲಿ. ತೊಡಕು ಇಲ್ಲಿಗಿಂತ ಮೊದಲು ಹೊರಡುವ ದೇಶದಲ್ಲೇ ಇದೆ. ಅಮೆರಿಕದಲ್ಲಿ ಬಂದೂಕಿನ ಸ್ಕೋಪ್ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯ 0ಎ504 ಸಂಖ್ಯೆಯಡಿ ಬರುತ್ತದೆ. ಅಂಗಡಿಯವರು ಕೇಳದೆ ಮಾರಿದರೂ ದೇಶದಾಚೆ ಒಯ್ಯುವ ಹೊಣೆ ನಿಮ್ಮದೇ. ಕೊಳ್ಳುವ ಮುಂಚೆಯೇ ಮಾದರಿ ಸಂಖ್ಯೆ ಕೊಟ್ಟು ಅಲ್ಲಿಯ ರಫ್ತು ಕಚೇರಿಯಿಂದಲೂ ಇಲ್ಲಿಯ ಕಸ್ಟಮ್ಸ್‌ನಿಂದಲೂ ಲಿಖಿತ ಉತ್ತರ ಪಡೆಯಿರಿ. ಸ್ಕೋಪಿಗೆ ಬಿಡಿ ಲಿಥಿಯಂ ಬ್ಯಾಟರಿ ಇದ್ದರೆ ಅದು ಕೈಚೀಲದಲ್ಲಿರಬೇಕು. ಇಳಿದ ಮೇಲೆ ಖರೀದಿ ರಸೀದಿ, ಲೈಸೆನ್ಸ್ ಪ್ರತಿ ಹಿಡಿದು ನೇರ ಕಸ್ಟಮ್ಸ್‌ನ ಕೆಂಪು ಚಾನೆಲ್‌ಗೆ (ಸರಕು ಘೋಷಿಸುವವರ ದಾರಿ) ಹೋಗಿ ಘೋಷಿಸಿ.