ನೀರುಗಂಟಿಗೊಂದು ರೇಡಿಯೋ ಕಾಲರ್

ನಮ್ಮ ಪಂಚಾಯ್ತಿಯಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟುವ ಪ್ರಕಟಣೆ ಅಂದ್ರೆ ಆನೆಯದ್ದು ಒಂದೇ. ಮಿಕ್ಕವು ಬರೋದಿಲ್ಲ ಅಂತಲ್ಲ. ಬರುತ್ತವೆ. ದನಕ್ಕೆ ಲಸಿಕೆ ಹಾಕಿ ಹೋದ ಮಾರನೇ ದಿನ ಲಸಿಕೆಯದ್ದು, ಕರೆಂಟ್ ಹೋಗಿ ದೋಸೆ ಹಿಟ್ಟು ಗ್ರೈಂಡರಿನಲ್ಲಿ ಅರ್ಧಕ್ಕೆ ನಿಂತ ಮೇಲೆ ಕರೆಂಟಿನದ್ದು, ಸಭೆಯ ಟೀ ಲೋಟ ತೊಳೆದಿಟ್ಟ ಮೇಲೆ ಸಭೆಯದ್ದು. ಆನೆಯದ್ದು ಹಾಗಲ್ಲ. ಅದು ಬೇಲಿ ಹತ್ತಿರ ಬರುವ ಮೊದಲೇ ಅದರ ಸುದ್ದಿ ನಮ್ಮ ಫೋನಿಗೆ ಬಂದು ಕೂತಿರುತ್ತದೆ.

ನಮ್ಮದು ಸಕಲೇಶಪುರದ ಕಡೆಯ ಊರು. ಕಾಫಿ, ಮೆಣಸು, ಪಾಳು ಬೀಳುತ್ತಿರುವ ಒಂದಿಷ್ಟು ಗದ್ದೆ. ಹಾಸನ, ಕೊಡಗು, ಚಿಕ್ಕಮಗಳೂರು ಕಡೆಗಳಲ್ಲಿ 2022ರ ಹೊತ್ತಿಗೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಅಂತ ಬಂತು. ಹಿಂಡಿನಲ್ಲಿ ಒಂದು ಹೆಣ್ಣಾನೆಗೆ ರೇಡಿಯೋ ಕಾಲರ್, ಅಂದ್ರೆ ಅದು ಎಲ್ಲಿದೆ ಅಂತ ತಿಳಿಸುವ ಕುತ್ತಿಗೆ ಪಟ್ಟಿ, ಹಾಕಿರುತ್ತಾರೆ. ಹಿರಿ ಹೆಣ್ಣು ಹೋದ ಕಡೆಗೇ ಹಿಂಡೆಲ್ಲ ಹೋಗುವುದರಿಂದ ಒಂದು ಕುತ್ತಿಗೆಗೆ ಹಾಕಿದರೆ ಸಾಕು, ಇಡೀ ಸಂಸಾರದ ವಿಳಾಸ ಸಿಕ್ಕಿಬಿಡುತ್ತದೆ. ಕಾಲರ್ ಇಲ್ಲದ ಒಂಟಿ ಸಲಗಗಳ ಹಿಂದೆ ಮಾತ್ರ ಪಾಪ ಕಾರ್ಯಪಡೆಯ ಹುಡುಗರು ಕಾಲ್ನಡಿಗೆಯಲ್ಲೇ ಅಲೆಯಬೇಕು. ಹೀಗೆ ಸಿಕ್ಕ ಸುದ್ದಿ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಎಲ್ಲರ ಫೋನಿಗೂ ಬರುತ್ತದೆ. ಇಂಥ ತೋಟದಲ್ಲಿ ಇಷ್ಟು ಆನೆ ಇವೆ, ಕೆಲಸಕ್ಕೆ ಹೋಗುವವರು, ಶಾಲೆ ಮಕ್ಕಳು ಎಚ್ಚರ. ಅಷ್ಟೇ. ಉಲ್ಲೇಖ ಇಲ್ಲ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಇಲ್ಲ, ‘ಸಹಕರಿಸಬೇಕಾಗಿ ಕೋರಿದೆ’ ಇಲ್ಲ. ಆನೆ ಸಹಕರಿಸುವುದಿಲ್ಲ ಅನ್ನೋದು ಅವರಿಗೂ ಗೊತ್ತು.

ಕಾಲರ್ ಹಾಕಿದ ಹಿಂಡುಗಳಿಗೆ ಹೆಸರೂ ಇದೆ. ಬೀಟಮ್ಮನ ಗುಂಪು, ಭುವನೇಶ್ವರಿ ಗುಂಪು ಅಂತ. ಸಲಗಗಳಲ್ಲಿ ಭೀಮನ ಹೆಸರು ಗೊತ್ತಿಲ್ಲದ ಮಗು ಈ ಸೀಮೆಯಲ್ಲಿಲ್ಲ. ಒಂದು ಸಲ ಬೆಂಗಳೂರಿನಿಂದ ನಮ್ಮನೆಯವರ ಚಿಕ್ಕಮ್ಮ ಬಂದಿದ್ದರು. ಬೆಳಿಗ್ಗೆ ನಮ್ಮತ್ತೆ ಹಿತ್ತಲಿನಿಂದಲೇ ಪಕ್ಕದ ಮನೆಗೆ ಕೂಗಿ ಹೇಳುತ್ತಿದ್ದರು. “ಭುವನೇಶ್ವರಿ ರಾತ್ರಿ ಎರಡು ಗಂಟೇಲಿ ಗೇಟ್ ಮುರ್ಕೊಂಡು ಹೋದಳಂತೆ ಕಣೇ. ಮಕ್ಕಳು ಮರಿ ಎಲ್ಲಾ ಕಟ್ಕೊಂಡು!” ಚಿಕ್ಕಮ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. “ಅಯ್ಯೋ ಪಾಪ, ಗಂಡನ ಮನೇಲಿ ಏನು ಕಷ್ಟವೋ” ಅಂದರು. ಅತ್ತೆಗೆ ಕಿವಿ ಸ್ವಲ್ಪ ಮಂದ. “ಕಷ್ಟ ಏನು ಬಂತು, ದಿನಾ ಯಾರಾದರೂ ತೋಟದಲ್ಲಿ ತಿಂದು ಮಲಗೋದು” ಅಂದರು. ಚಿಕ್ಕಮ್ಮ ನಮ್ಮ ಊರಿನ ಹೆಂಗಸರ ಬಗ್ಗೆ ಏನಂದುಕೊಂಡರೋ, ಮಧ್ಯಾಹ್ನದ ಬಸ್ಸಿಗೇ ಹೊರಟರು.

ಹಾಗಂತ ಆನೆ ಸುದ್ದಿ ತಮಾಷೆಯದ್ದಲ್ಲ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಮಂಜಿನಲ್ಲೇ ಕೆಲಸಕ್ಕೆ ಹೋಗುವವರಿದ್ದಾರೆ. ಗಿಡದ ಸಾಲಿನಲ್ಲಿ ಆನೆ ನಿಂತಿದ್ದರೆ ಹತ್ತಡಿ ದೂರಕ್ಕೂ ಕಾಣುವುದಿಲ್ಲ. ಹೋದವರು ಮನೆಗೆ ಬಾರದೇ ಇದ್ದದ್ದೂ ಉಂಟು. ಎಂಟು ವರ್ಷ ದಸರಾ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ಕಡೆಯ ಕಾಡಿನಲ್ಲಿ ಕಾಡಾನೆ ಜೊತೆ ಸೆಣಸಿ ಸತ್ತ. ಅದಕ್ಕೇ ಈ ಒಂದು ಸಂದೇಶವನ್ನು ಊರಲ್ಲಿ ಯಾರೂ ಓದದೇ ಬಿಡುವುದಿಲ್ಲ.

ಓದುವುದು ಬೇರೆ, ಪೂರ್ತಿ ಓದುವುದು ಬೇರೆ. ನಮ್ಮೂರಿನ ಗ್ರೂಪಿನಲ್ಲಿ ಬೆಳಿಗ್ಗೆ ಐದರಿಂದಲೇ ಗುಲಾಬಿ ಹೂವು, ಶುಭೋದಯ, ಲಿಂಬು ನೀರಿನ ಲಾಭ ಶುರುವಾಗುತ್ತದೆ. ಅದರ ನಡುವೆ ಆನೆ ಸುದ್ದಿ ಬರಬೇಕು. ಒಂದು ದಿನ ಯಾರೋ ‘ಒಂಟಿ ಸಲಗ ಕೆರೆ ಏರಿ ಕೆಳಗೆ ಮಲಗಿದೆ, ಆ ಕಡೆ ಯಾರೂ ಹೋಗಬೇಡಿ’ ಅಂತ ಹಾಕಿದರು. ‘ಮಲಗಿದೆ’ ತನಕ ಓದಿದ ಪುಣ್ಯಾತ್ಮರೊಬ್ಬರು ‘ಓಂ ಶಾಂತಿ’ ಅಂದರು. ಅಲ್ಲಿಗೆ ಮುಗಿಯಿತು. ಒಬ್ಬರು ಓಂ ಶಾಂತಿ ಅಂದ ಮೇಲೆ ಸುಮ್ನೆ ಇರುವುದು ಮರ್ಯಾದೆಯಲ್ಲ ಅಲ್ವಾ? ಕೈ ಮುಗಿದವರು, ದೀಪ ಹಚ್ಚಿದವರು, ‘ಅಗಲಿದ ಆತ್ಮಕ್ಕೆ ಚಿರಶಾಂತಿ ಕೋರುತ್ತಾ’ ಅಂದವರು. ಮಾಜಿ ಸದಸ್ಯರೊಬ್ಬರು ‘ಊರಿಗೆ ತುಂಬಲಾರದ ನಷ್ಟ’ ಅಂತ ಬರೆದರು. ಸಂಜೆ ಹೊತ್ತಿಗೆ ಆ ಅಗಲಿದ ಆತ್ಮ ಎದ್ದು ಬಂದು, ಅದೇ ಮಾಜಿ ಸದಸ್ಯರ ಬಗನಿ ಮರ ಬೀಳಿಸಿ ತಿಂದು ಹೋಯಿತು. ನಷ್ಟ ತುಂಬಿಕೊಡಿ ಅಂತ ಅವರು ಅರ್ಜಿ ಹಿಡಿದು ಓಡಾಡಿದ್ದು ಆಮೇಲಿನ ಮಾತು.

ಇನ್ನು ಪಂಚಾಯ್ತಿಯ ನೋಟಿಸ್ ಬೋರ್ಡ್. ಗಾಜಿನ ಬಾಗಿಲು, ಬೀಗ ಎಲ್ಲಾ ಇರುವ ಒಳ್ಳೆಯ ಬೋರ್ಡು. ಬೀಗದ ಕೈ ಬಿಲ್ ಕಲೆಕ್ಟರ್ ಹತ್ತಿರ ಇರುತ್ತದೆ. ಬಿಲ್ ಕಲೆಕ್ಟರ್ ಬಿಲ್ ಕಲೆಕ್ಟ್ ಮಾಡಲು ಹೋಗಿರುತ್ತಾರೆ. ಹಾಗಾಗಿ ಒಳಗಿರುವ ನೋಟಿಸು ಯಾವತ್ತೂ ಹಳೇದು, ಹೊಸ ನೋಟಿಸು ಹೊರಗೆ ಗೋಡೆಗೆ. ಗೋಡೆಗೆ ಅಂಟಿಸುವುದು ಮೈದಾ ಅಂಟಿನಲ್ಲಿ. ಮೈದಾ ಅಂಟಿನ ರುಚಿ ನಮ್ಮೂರಿನ ಆಡುಗಳಿಗೆ ಚೆನ್ನಾಗಿ ಗೊತ್ತು. ಅವು ಕೆಳಗಿನಿಂದ ಶುರು ಮಾಡಿ ಕುತ್ತಿಗೆ ಎಟುಕುವಷ್ಟು ತಿನ್ನುತ್ತವೆ. ದುರದೃಷ್ಟಕ್ಕೆ ಸರ್ಕಾರಿ ಕಾಗದದಲ್ಲಿ ಮೇಲಿನ ಅರ್ಧ ಬರೀ ಉಲ್ಲೇಖ, ಸುತ್ತೋಲೆ ಸಂಖ್ಯೆ. ದಿನಾಂಕ, ಸಮಯ, ಸ್ಥಳ ಎಲ್ಲ ಇರುವುದು ಕೆಳಗೆ. ನಮಗೆ ಉಳಿಯುವುದು ‘ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ’ ಅನ್ನೋದು ಮಾತ್ರ. ಏನೆಂದರೆ ಅಂತ ಆಡನ್ನೇ ಕೇಳಬೇಕು.

ಆಟೋಗೆ ಮೈಕ್ ಕಟ್ಟಿ ಸಾರುವುದೂ ಉಂಟು. ಮಲೆನಾಡಿನ ರಸ್ತೆ, ತಿರುವಿಗೊಂದು ಗುಡ್ಡ. ಆಟೋ ಆ ಕಡೆ ತಿರುಗಿದರೆ ಮಾತು ಅರ್ಧ, ಈ ಕಡೆ ಬಂದರೆ ಇನ್ನರ್ಧ. ರೇಷನ್ ಕಾರ್ಡಿನ ಇ-ಕೆವೈಸಿ ಸಮಯದಲ್ಲಿ ನಮಗೆ ಕೇಳಿಸಿದ್ದು ‘ಕೊನೆಯ ದಿನ’ ಅನ್ನೋದು ಒಂದೇ. ನಮ್ಮತ್ತೆ ಹೆದರಿ, ಪ್ರಳಯವೇ ಬಂತೇನೋ ಅನ್ನುವಂತೆ ದೇವರ ಮುಂದೆ ದೀಪ ಹಚ್ಚಿದರು. ಆಮೇಲೆ ವಿಷಯ ಗೊತ್ತಾಗಿ ನ್ಯಾಯಬೆಲೆ ಅಂಗಡಿಗೆ ಹೋದರೆ ಅಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಇರುವುದು ಗುಡ್ಡದ ಮೇಲಿನ ಹಲಸಿನ ಮರದ ಬುಡದಲ್ಲಿ. ಅಂಗಡಿಯವರು ಯಂತ್ರ ಎತ್ತಿಕೊಂಡು ಮುಂದೆ, ಊರೆಲ್ಲ ಆಧಾರ್ ಹಿಡಿದು ಹಿಂದೆ, ಜಾತ್ರೆಯ ಉತ್ಸವವೇ ಸರಿ. ಮೇಲೆ ಹೋದರೆ ಅತ್ತೆಯ ಹೆಬ್ಬೆಟ್ಟು ಹೊಂದಲಿಲ್ಲ. ಜೀವಮಾನವೆಲ್ಲ ಕಾಫಿ ಕುಯ್ದು, ಮೆಣಸು ತಿಕ್ಕಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರ ಒಂದೊಂದೇ ಬೆರಳು ಬೇಡ ಬೇಡ ಅಂದು ಕೊನೆಗೆ ಎಡಗೈ ಉಂಗುರ ಬೆರಳು ಒಪ್ಪಿತು. ಆಮೇಲೆ ಕೊನೆಯ ದಿನ ಮುಂದಕ್ಕೆ ಹೋಯಿತು. ಅದು ಮುಂದಕ್ಕೆ ಹೋದ ಪ್ರಕಟಣೆ ನಾವು ಗುಡ್ಡ ಇಳಿಯುವಾಗ ಬಂತು.

ಮಳೆಗಾಲದ ಪ್ರಕಟಣೆಗಳದ್ದು ಬೇರೆಯದೇ ಕಥೆ. ಹವಾಮಾನ ಇಲಾಖೆ ಮಿಲಿಮೀಟರ್ ಲೆಕ್ಕ ಹೇಳುತ್ತದೆ. ನಮ್ಮ ತೋಟದವರು ಇಂಚು, ಸೆಂಟು ಬಿಟ್ಟು ಬೇರೆ ಮಳೆ ನಂಬುವುದಿಲ್ಲ. ನೂರು ಸೆಂಟಿಗೆ ಒಂದಿಂಚು. ಬೆಳಗಾದರೆ ‘ನಮ್ಮಲ್ಲಿ 3 ಇಂಚು 20’, ‘ನಮ್ಮಲ್ಲಿ 4 ಇಂಚು 10’ ಅಂತ ಗ್ರೂಪಿನಲ್ಲಿ ಹರಾಜು ನಡೆಯುತ್ತದೆ. ಪಕ್ಕದ ತೋಟದವರಿಗಿಂತ ಕಮ್ಮಿ ಮಳೆ ಬಂದರೆ ಅವಮಾನ. ಹೋದ ಮಳೆಗಾಲದಲ್ಲಿ ರೆಡ್ ಅಲರ್ಟ್ ಅಂದಾಗ ಕೆಳಮನೆ ಅಜ್ಜ “ಹಂಗಂದ್ರೆ ಎಷ್ಟಪ್ಪಾ?” ಅಂತ ಕೇಳಿದರು. ಒಂದು ದಿನಕ್ಕೆ 204.4 ಮಿಲಿಮೀಟರ್ ದಾಟಬಹುದು ಅಂತ, ಅಂದರೆ ಸುಮಾರು ಎಂಟಿಂಚು ಅಂತ ನಮ್ಮನೆಯವರು ಲೆಕ್ಕ ಹಾಕಿ ಹೇಳಿದರು. ಅಜ್ಜನಿಗೆ ಬೇಜಾರಾಯಿತು. “ಎಂಟಿಂಚಿಗೆಲ್ಲ ಶಾಲೆಗೆ ರಜಾನಾ? ನಾವು ಕಂಬಳಿ ಕೊಪ್ಪೆ ಹಾಕ್ಕೊಂಡು ಹೊಳೆ ದಾಟಿ ಹೋಗ್ತಿದ್ವಿ” ಅಂದರು. ಅಜ್ಜ ಓದಿದ್ದು ಎರಡನೇ ಕ್ಲಾಸು. ಹೊಳೆ ದಾಟಿ ಎಲ್ಲಿಗೆ ಹೋಗುತ್ತಿದ್ದರೋ.

ರಜೆಯ ಆದೇಶ ಮಾತ್ರ ಮಕ್ಕಳಿಗೆ ಯಾವಾಗಲೂ ಮೊದಲೇ ಸಿಗುತ್ತದೆ. ಸಹಿ ಇರುತ್ತದೆ, ಸೀಲು ಇರುತ್ತದೆ, ತಾಲ್ಲೂಕಿನ ಹೆಸರೂ ಸರಿ ಇರುತ್ತದೆ. ವರ್ಷ ಮಾತ್ರ ಹಿಂದಿನದ್ದು. ಪಕ್ಕದ ಮನೆ ಹುಡುಗ ಅಂಥದ್ದೊಂದನ್ನು ಅಪ್ಪನಿಗೆ ತೋರಿಸಿ, ಹೊದ್ದು ಮಲಗಿದ. ಅಪ್ಪ ಅದನ್ನು ಗ್ರೂಪಿಗೆ ಹಾಕಿದರು. ಅರ್ಧ ಊರಿನ ಮಕ್ಕಳು ಮಲಗಿದವು. ಒಂಬತ್ತೂವರೆಗೆ ಮೇಷ್ಟ್ರು ಒದ್ದೆ ಪಂಚೆಯಲ್ಲಿ ಬಂದು ಬಾಗಿಲು ತಟ್ಟಿದಾಗ ಹುಡುಗ “ಸಾರ್, ನೀವು ನೋಟಿಸ್ ನೋಡಿಲ್ವಾ?” ಅಂತ ಅವರನ್ನೇ ಕೇಳಿದನಂತೆ. ಅವನು ಮುಂದೆ ದೊಡ್ಡ ಅಧಿಕಾರಿಯಾಗುತ್ತಾನೆ, ನೋಡ್ತಾ ಇರಿ.

ಕರೆಂಟಿನ ವಿಷಯ ಹೆಚ್ಚು ಹೇಳುವುದಿಲ್ಲ. ‘ನಿರ್ವಹಣಾ ಕಾಮಗಾರಿ ನಿಮಿತ್ತ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ’ ಅಂತ ಪೇಪರಿನಲ್ಲಿ ಬಂದ ದಿನ ನಾವೆಲ್ಲ ನಸುಕಿನಲ್ಲೇ ಎದ್ದು ರುಬ್ಬಿ, ನೀರು ತುಂಬಿಸಿ, ಫೋನ್ ಚಾರ್ಜ್ ಮಾಡಿ ಕೂರುತ್ತೇವೆ. ಆ ದಿನ ಕರೆಂಟ್ ಇಡೀ ದಿನ ಇರುತ್ತದೆ. ವರ್ಷದಲ್ಲಿ ನಂಬಬಹುದಾದ ಕರೆಂಟ್ ಆ ದಿನದ್ದೇ.

ಇದೆಲ್ಲ ಸೇರಿ ಗ್ರಾಮಸಭೆಯಲ್ಲಿ ಸ್ಫೋಟವಾಯಿತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು ಅಂತ ಕಾಯ್ದೆ ಇದೆ. ಮತದಾರರಲ್ಲಿ ಹತ್ತರಲ್ಲೊಂದು ಭಾಗ, ಇಲ್ಲವೇ ನೂರು ಜನ, ಯಾವುದು ಕಮ್ಮಿಯೋ ಅಷ್ಟು ಜನ ಬಂದರೆ ಕೋರಂ. ನಮ್ಮಲ್ಲಿ ಮಾಮೂಲಿಗೆ ಬರುವುದು ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಮತ್ತು ಹೊರಗೆ ಮಳೆ ಬಂತು ಅಂತ ಒಳಗೆ ಬಂದವರು. ಈ ಸಲ ಮಾತ್ರ ಶಾಲೆಯ ಕೋಣೆ ಭರ್ತಿ. ಕಾರಣ ಪ್ರಕಟಣೆ ಅಲ್ಲ. ನಲ್ಲಿಯಲ್ಲಿ ನೀರು ಬಂದು ವಾರವಾಗಿತ್ತು. ಹೊರಗೆ ಇಂಚುಗಟ್ಟಲೆ ಸುರಿಯುತ್ತಿದೆ, ಒಳಗೆ ನಲ್ಲಿ ಕೆಮ್ಮುತ್ತಿದೆ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಬರಬೇಕು ಅಂತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದ್ರೆ ಪಿಡಿಒ, ಓದಿ ಹೇಳಿದರು. ಮೇಲ್ಮನೆ ಅತ್ತಿಗೆ ಎದ್ದು ನಿಂತು “ತಲೆಗೆ ಬರ್ತಾ ಇದೆ ಸಾರ್, ಹಂಚು ಒಡೆದಿದೆ. ಕೊಡಕ್ಕೆ ಯಾವಾಗ ಬರುತ್ತೆ ಹೇಳಿ” ಅಂದರು.

ನೀರು ಬಿಡುವುದೇ ಇಲ್ಲ ಅಂತಲ್ಲ, ಯಾವಾಗ ಬಿಡುತ್ತಾರೆ ಅಂತ ಗೊತ್ತಾಗುವುದಿಲ್ಲ ಅನ್ನೋದೇ ಜನರ ತಕರಾರು. ನಡುರಾತ್ರಿ ಬಂದು ಚರಂಡಿಗೆ ಹೋದದ್ದೂ ಇದೆ. ನಲ್ಲಿಗೆ ನೀರು ಬಿಡುವ ನೀರುಗಂಟಿ ಎಲ್ಲಿದ್ದಾನೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಆಗ ಕೆಳಮನೆ ಅಜ್ಜ ಕೈ ಎತ್ತಿದರು.

“ಸಾರ್, ಅಷ್ಟು ದೊಡ್ಡ ಕಾಡಲ್ಲಿ ಬೀಟಮ್ಮ ಎಲ್ಲಿದಾಳೆ ಅಂತ ನಮಗೆ ದಿನಾ ಗೊತ್ತಾಗುತ್ತೆ. ಇಷ್ಟು ಸಣ್ಣ ಊರಲ್ಲಿ ನೀರುಗಂಟಿ ಎಲ್ಲಿದಾನೆ ಅಂತ ಗೊತ್ತಾಗಲ್ಲ. ಅವನಿಗೂ ಒಂದು ಕಾಲರ್ ಹಾಕಿಸಿ.”

ಕೋಣೆಯೆಲ್ಲ ಚಪ್ಪಾಳೆ. ಲೈನ್‌ಮನ್‌ಗೂ ಒಂದು ಅಂತ ಹಿಂದಿನ ಬೆಂಚಿನವರು ಸೇರಿಸಿದರು. ಬಸ್ ಡ್ರೈವರಿಗೆ, ದನದ ಡಾಕ್ಟರಿಗೆ ಅಂತ ಪಟ್ಟಿ ಉದ್ದವಾಯಿತು. ಹೆಂಗಸರ ಸಾಲಿನಿಂದ ಯಾರೋ ‘ನಮ್ಮ ಯಜಮಾನ್ರಿಗೂ’ ಅಂದರು. ನಗು ನಿಲ್ಲಿಸುವುದೇ ಕಷ್ಟವಾಯಿತು. ಕಾರ್ಯದರ್ಶಿ ಪೆನ್ ಹಿಡಿದು, ಇದನ್ನು ನಡಾವಳಿಯಲ್ಲಿ ಬರೆಯಬೇಕೋ ಬೇಡವೋ ಅಂತ ಪಿಡಿಒ ಮುಖ ನೋಡಿದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಒದ್ದೆ ರೇನ್‌ಕೋಟಿನಲ್ಲಿ ನಿಂತಿದ್ದ ನೀರುಗಂಟಿಯೇ ಮುಂದೆ ಬಂದ. ಬೋರಿನ ಮೋಟಾರ್ ಎತ್ತಿ ಕೂರಿಸಿ ಬಂದಿದ್ದ, ಕೈಯೆಲ್ಲ ಗ್ರೀಸ್.

“ಹಾಕಿ ಸಾರ್, ಬೇಡ ಅನ್ನಲ್ಲ. ಕಾಲರ್ ಹಾಕಿದ ಆನೆ ಉಪವಾಸ ಇದೆಯಾ, ಹುಷಾರಾಗಿದೆಯಾ ಅಂತ ನೋಡೋಕೆ ಇಪ್ಪತ್ತನಾಲ್ಕು ಗಂಟೆ ಜನ ಇದಾರೆ. ನಾನು ಮೂರು ತಿಂಗಳಿಂದ ಸಂಬಳ ಇಲ್ದೆ ಮೋಟಾರ್ ಹಾಕ್ತಾ ಇದೀನಿ. ಒಬ್ಬರಾದ್ರೂ ನೋಡಿದ್ರಾ?”

ಪಿಡಿಒ ಗಂಟಲು ಸರಿ ಮಾಡಿಕೊಂಡು, ಮುಂದಿನ ವಿಷಯ ಬೀದಿ ದೀಪ ಅಂದರು. ಅಷ್ಟೊತ್ತಿಗೆ ಕರೆಂಟ್ ಹೋಯಿತು.